ತಪ್ಪಿ ಹತ್ತಿದ ಟ್ರ್ಯಾಕ್ಟರ್

ಹೋದ ವರ್ಷ ಯುಗಾದಿ ಮುಗಿದ ಮರುವಾರ ನಡೆದದ್ದು ಇದು. ಅಂದು ಬೆಳಿಗ್ಗೆ ನಾನು ಮಾನ್ವಿ ತಾಲ್ಲೂಕಿನ ಕುರ್ಡಿಗೆ ಹೋಗುವ ಕ್ರಾಸಿನಲ್ಲಿ ಬಸ್ಸಿಳಿದು ಟ್ರ್ಯಾಕ್ಟರಿಗಾಗಿ ಕಾಯುತ್ತ ನಿಂತಿದ್ದೆ. ಎಪ್ಪತ್ತು ದಾಟಿದವನು ಆ ಬಿಸಿಲಿನಲ್ಲಿ ಅಲ್ಲಿ ಯಾಕೆ ನಿಂತಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ರಾಯಚೂರಿನ ಒಂದು ಪ್ರೌಢಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದು ನಿವೃತ್ತನಾದವನು. ಸೀಟಿ, ಗಂಟೆ, ಸಾಲು, ಇವುಗಳಲ್ಲೇ ಆಯುಷ್ಯ ಕಳೆದಿದ್ದೇನೆ. ಈಗಲೂ ಐದಕ್ಕೆ ಏಳುತ್ತೇನೆ, ನಡೆದು ಬಂದು ತಣ್ಣೀರಿನ ಸ್ನಾನ ಮಾಡುತ್ತೇನೆ, ಯಾರಾದರೂ ಒಂಬತ್ತಕ್ಕೆ ಬಾ ಎಂದರೆ ಎಂಟೂಮುಕ್ಕಾಲಕ್ಕೇ ಹೋಗಿ ನಿಲ್ಲುತ್ತೇನೆ. ನಮ್ಮ ಮೂಲ ಊರು ಕುರ್ಡಿ. ಅಲ್ಲಿ ಹಳ್ಳದ ದಂಡೆಗೆ ನಮ್ಮ ಹೊಲವಿದೆ. ತಂದೆ ಬೇಗ ತೀರಿಕೊಂಡರು, ಈಗ ಅದನ್ನು ನನ್ನ ತಮ್ಮ ಅಮರೇಶ ನೋಡಿಕೊಳ್ಳುತ್ತಾನೆ. ಹತ್ತಿ, ಮೆಣಸಿನಕಾಯಿ ಬೆಳೆಯುತ್ತಾನೆ. ಹಳ್ಳಕ್ಕೆ ಪಂಪ್‌ಸೆಟ್ ಇಟ್ಟಿದ್ದಾನೆ. ಹೊಲದ ಅಂಚಿಗೆ ಒಂದು ಬಾವಿಯಿದೆ, ಸುತ್ತಲಿನ ಬೋರುಗಳಲ್ಲಿ ಉಪ್ಪು ನೀರು ಬಂದರೂ ಆ ಬಾವಿಯ ನೀರು ಸಿಹಿ. ಅರ್ಧ ಊರು ಅದೇ ನೀರು ಕುಡಿಯುತ್ತದೆ.

ಆ ಹಳ್ಳದ ಮೇಲ್ಗಡೆ, ದೇವದುರ್ಗ ತಾಲ್ಲೂಕಿನ ಗಡಿಯ ಹತ್ತಿರ, ನುಚ್ಚಕ್ಕಿಯಿಂದ ಎಥೆನಾಲ್ ತಯಾರಿಸುವ ಕಾರ್ಖಾನೆ ಕಟ್ಟುತ್ತಾರೆಂದು ಸುದ್ದಿಯಾಗಿತ್ತು. ಸುತ್ತಲಿನ ಹಳ್ಳಿಗಳು ಎರಡಾದವು. ಕೆಲಸ ಸಿಗುತ್ತದೆ, ಬರಲಿ ಎನ್ನುವವರು ಒಂದು ಕಡೆ. ಹೊಲಸು ನೀರು ಹಳ್ಳಕ್ಕೆ ಬಂದರೆ ಹೊಲವೂ ಬಾವಿಯೂ ಹೋಗುತ್ತವೆ, ಬೇಡ ಎನ್ನುವವರು ಇನ್ನೊಂದು ಕಡೆ. ಅಮರೇಶ ಬೇಡ ಎನ್ನುವವರ ಮುಂದಾಳು. ಅವನಿಗೆ ಆಗಲೇ ಮನಸ್ಸು ಕಹಿಯಾಗಿತ್ತು. ಮೊದಲು ಅವನ ಜೊತೆಗಿದ್ದ ಇಬ್ಬರು ಹಿರಿಯರು ಹೇಳದೆ ಕೇಳದೆ ಆ ಕಡೆಗೆ ಹೋಗಿ ಕುಳಿತಿದ್ದರು. ಅವರಲ್ಲಿ ಒಬ್ಬರು ನಮ್ಮ ಸೋದರಮಾವನ ಮಗ.

ಕಾರ್ಖಾನೆಗೆ ಅನುಮತಿ ಕೊಡುವ ಮೊದಲು ಜನರ ಅಹವಾಲು ಕೇಳುವ ಸಭೆ ಮಾಡಬೇಕೆಂದು ಕಾನೂನಿದೆ. ಸಭೆಯ ಹಿಂದಿನ ದಿನ ಅಮರೇಶ ಫೋನ್ ಮಾಡಿದ.

"ಅಣ್ಣಾ, ನಮ್ಮ ಕಡಿ ಮಾತಾಡೋರ ಇಲ್ಲ. ನಾ ಮೈಕ್ ಹಿಡದ್ರ ಬರೇ ಸಿಟ್ಟ ಬರ್ತದ, ಮಾತ ಬರಂಗಿಲ್ಲ. ನೀ ಬಂದು ಒಂದೀಟು ಮಾತಾಡು. ನೀ ಹೇಳಿದ್ರ ಮಂದಿ ಕೇಳ್ತಾರ."

"ಎಷ್ಟೊತ್ತಿಗೆ ಬರಲಿ?"

"ಒಂಬತ್ತಕ್ಕ ಕ್ರಾಸಿಗೆ ನಮ್ಮ ಟ್ರ್ಯಾಕ್ಟರ್ ಬರ್ತದ. ಎಲ್ಲಾರೂ ಹಸಿರು ಟವೆಲ್ ಹಾಕ್ಕೊಂಡಿರ್ತಾರ, ನಿನಗ ಗೊತ್ತಾಗ್ತದ. ಹತ್ತಿ ಬಂದುಬಿಡು. ನಾ ಮುಂಜಾನೆದ್ದು ಸೀದಾ ಅಲ್ಲಿಗೇ ಹೋಗಿರ್ತೀನಿ."

ಹೀಗೆ ನಾನು ಕ್ರಾಸಿನಲ್ಲಿ ನಿಂತಿದ್ದೆ. ಒಂಬತ್ತಕ್ಕೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಟ್ರಾಲಿ ತುಂಬ ಜನರಿದ್ದ ಟ್ರ್ಯಾಕ್ಟರೊಂದು ಬಂತು. ಎಲ್ಲರ ಹೆಗಲ ಮೇಲೂ ಹಸಿರು ಟವೆಲ್ಲು. ನಾನು ಕೈ ಎತ್ತಿದೆ. ನಿಂತಿತು.

"ಮೀಟಿಂಗಿಗೇನ್ರಿ?" ಎಂದು ಡ್ರೈವರ್ ಕೇಳಿದ.

"ಹೌದು" ಎಂದೆ.

"ಬರ್ರಿ, ಬರ್ರಿ. ಏ, ಹಿರೇರಿಗೆ ಜಾಗಾ ಬಿಡ್ರಿ."

ಇಬ್ಬರು ಕೈ ಹಿಡಿದು ಎಳೆದುಕೊಂಡರು. ನಮ್ಮವರು ಹೇಳಿದ ಹೊತ್ತಿಗಿಂತ ಮೊದಲೇ ಬಂದರಲ್ಲ, ಊರು ಸುಧಾರಿಸಿದೆ ಎಂದು ಸಂತೋಷಪಟ್ಟೆ. ಹಳ್ಳಿಯ ಟ್ರ್ಯಾಕ್ಟರು ಹೇಳಿದ ಹೊತ್ತಿಗಿಂತ ಮೊದಲು ಬಂದಿದೆಯೆಂದರೆ ಸಂಶಯ ಪಡಬೇಕಿತ್ತು. ಪಡಲಿಲ್ಲ. ಒಬ್ಬರ ಮುಖವೂ ಪರಿಚಯವಿರಲಿಲ್ಲ. ನಾನು ಊರು ಬಿಟ್ಟು ಎಷ್ಟೋ ವರ್ಷವಾಯಿತು, ಹೊಸ ತಲೆಮಾರಿನವರು ಇರಬೇಕು ಎಂದುಕೊಂಡೆ.

ನನ್ನ ಪಕ್ಕದಲ್ಲಿ ಐವತ್ತರ ಸುಮಾರಿನ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಹೆಸರು ಹುಲಿಗೆಮ್ಮ, ದೇವದುರ್ಗದ ಕಡೆಯ ಒಂದು ದೊಡ್ಡಿಯವಳೆಂದು ಆಮೇಲೆ ತಿಳಿಯಿತು. ದೊಡ್ಡಿಯೆಂದರೆ ಹೊಲಗಳ ನಡುವೆ ಹತ್ತಿಪ್ಪತ್ತು ಮನೆಗಳ ಸಣ್ಣ ಊರು. ಸ್ವಲ್ಪ ದೂರ ಹೋದ ಮೇಲೆ ಆಕೆ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ.

"ತಗೊಳ್ರಿ ಯಪ್ಪಾ."

"ನಾನು ತಿಂದು ಬಂದೀನಿ, ಯವ್ವಾ."

"ತಿಂದದ್ದು ಟ್ರಾಲ್ಯಾಗ ಕುಣದು ಕುಣದು ಎಲ್ಲಿಗೋ ಹೋಗಿರ್ತದ. ತಗೊಳ್ರಿ."

ತೆಗೆದುಕೊಂಡೆ. ಬೆಳಗಿನ ತಿಂಡಿಯ ನಂತರ ಮಧ್ಯಾಹ್ನದವರೆಗೆ ನಾನು ಏನನ್ನೂ ಮುಟ್ಟುವವನಲ್ಲ, ಆದರೆ ಪುಂಡಿ ಪಲ್ಯದ ವಾಸನೆಗೆ ನಿಯಮ ನಿಲ್ಲಲಿಲ್ಲ. ಎರಡನೆಯ ತುತ್ತು ಬಾಯಲ್ಲಿದ್ದಾಗ ಹುಲಿಗೆಮ್ಮ ಹೇಳಿದಳು:

"ಈ ಫ್ಯಾಕ್ಟರಿ ಒಂದು ಆತಂದ್ರ ಸಾಕ್ರಿ. ನನ್ನ ಮಗಳು, ಅಳಿಯ ಬೆಂಗಳೂರಾಗ ಕಟ್ಟಡದ ಕೆಲಸಕ್ಕ ಹೋಗ್ಯಾರ. ಶೆಡ್ಡಿನ್ಯಾಗ ಇರ್ತಾರ. ಮಗಳು ಈಗ ಬಸುರಿ. ಹೋದ ಸಲದ ಕೂಸು ಅಲ್ಲೇ ಶೆಡ್ಡಿನ್ಯಾಗ ಹುಟ್ಟಿ ಅಲ್ಲೇ ಹೋತು. ಇಲ್ಲೇ ಕೆಲಸ ಸಿಕ್ರ ಈ ಕೂಸು ನನ್ನ ಕೈಯಾಗ ಬೆಳೀತದ."

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸುತ್ತ ನೋಡಿದೆ. ಟವೆಲ್ಲುಗಳ ಅಂಚಿಗೆ ಬಿಳಿ ಅಕ್ಷರದಲ್ಲಿ ಹಸಿರು ಇಂಧನ ಎಂದು ಅಚ್ಚಾಗಿತ್ತು. ರೈತರದು ಹಸಿರು ಟವೆಲ್ಲು, ಕಾರ್ಖಾನೆಯವರೂ ಹಸಿರನ್ನೇ ಹಂಚಿದ್ದರು. ನಾನು ಬಣ್ಣ ನೋಡಿದ್ದೆ, ಅಂಚು ನೋಡಿರಲಿಲ್ಲ.

ಇಳಿಯೋಣವೆಂದರೆ ಸುತ್ತ ಖಾಲಿ ಹೊಲ, ನೆರಳಿಗೆ ಒಂದು ಜಾಲಿಯೂ ಇಲ್ಲ. ಬಾಯಿ ಬಿಡೋಣವೆಂದರೆ ಕೈಯಲ್ಲಿ ಆಕೆಯ ರೊಟ್ಟಿ. ಸಭೆಯ ಪೆಂಡಾಲು ಮುಟ್ಟಿದ ಕೂಡಲೇ ಇಳಿದು ತಮ್ಮನ ಕಡೆಗೆ ಹೋದರಾಯಿತು ಎಂದು ಸುಮ್ಮನೆ ಕುಳಿತೆ. ಸುಮ್ಮನಿದ್ದವನಿಗೆ ಎಲ್ಲರ ಮಾತು ಕೇಳಿಸುತ್ತದೆ. ಡ್ರೈವರ್ ಹೆಸರು ಖಾಜಾಸಾಬ, ಟ್ರ್ಯಾಕ್ಟರು ಅವನದೇ. ಲಾರಿಗಳು ಓಡಾಡಿದರೆ ಕ್ರಾಸಿನಲ್ಲಿ ಅವನ ತಮ್ಮನ ಪಂಕ್ಚರ್ ಅಂಗಡಿ ನಡೆಯುತ್ತದೆ. ಇನ್ನೊಬ್ಬನಿಗೆ ಕಾವಲುಗಾರನ ಕೆಲಸದ ಆಸೆ. ಒಬ್ಬ ತರುಣ ಐ.ಟಿ.ಐ. ಮುಗಿಸಿ ಮನೆಯಲ್ಲಿ ಕುಳಿತಿದ್ದ. ರಾಯಚೂರಿನಿಂದ ಹೊರಡುವಾಗ ನಾನು ಇವರನ್ನೆಲ್ಲ ದುಡ್ಡಿಗೆ ಬಂದವರು ಎಂದು ತಿಳಿದಿದ್ದೆ. ಯಾರೂ ಹಾಗಿರಲಿಲ್ಲ.

ಪೆಂಡಾಲಿನ ಬಾಗಿಲಲ್ಲಿ ವೀರೇಶ ಎಂಬ ಚುರುಕಿನ ಹುಡುಗ ನಮ್ಮನ್ನು ಎದುರುಗೊಂಡ. ಕಾರ್ಖಾನೆಯ ಪರವಾಗಿ ಜನ ಕೂಡಿಸುವ ಹೊಣೆ ಅವನದು. ನನ್ನ ಬಿಳಿ ಅಂಗಿ, ನೆಟ್ಟಗಿನ ನಿಲುವು ನೋಡಿ ಅವನಿಗೆ ಸಂತೋಷವಾಯಿತು.

"ಸರ್, ತಾವು ಏನ್ ಮಾಡ್ಕೊಂಡಿದ್ರಿ?"

"ಡ್ರಿಲ್ ಮಾಸ್ತರ್ ಇದ್ದೆ."

"ಮಾತಾಡ್ತೀರೇನ್ರಿ ಸರ್?"

"ಮಾತಾಡಾಕನ ಬಂದೀನಿ" ಎಂದೆ. ಅದು ಸುಳ್ಳಾಗಿರಲಿಲ್ಲ. ಮಾತಾಡುವವರೆಲ್ಲರ ಹೆಸರನ್ನೂ ಒಂದೇ ಕಡೆ ಬರೆದುಕೊಳ್ಳುತ್ತಾರೆಂದು ತಿಳಿದು ಹೆಸರೂ ಊರೂ ಹೇಳಿದೆ. ಅವನು ಬರೆದುಕೊಂಡು, ನಾನು ಬೇಡ ಎನ್ನುವುದರೊಳಗೆ ಒಂದು ಹಸಿರು ಟವೆಲ್ಲನ್ನು ನನ್ನ ಕೊರಳಿಗೆ ಹಾಕಿ ಮುಂದಿನ ಸಾಲಿನಲ್ಲಿ ಕೂರಿಸಿದ.

ಪೆಂಡಾಲಿನ ನಡುವೆ ಹಗ್ಗ ಕಟ್ಟಿ ಎರಡು ಭಾಗ ಮಾಡಿದ್ದರು. ಎಡಕ್ಕೆ ಬೇಕು ಎನ್ನುವವರು, ಬಲಕ್ಕೆ ಬೇಡ ಎನ್ನುವವರು, ನಡುವೆ ಪೊಲೀಸರು. ನಾನು ಎದ್ದು ಹಗ್ಗದ ಕಡೆಗೆ ಹೋದೆ. ಕಾನ್‌ಸ್ಟೆಬಲ್ ತಡೆದ.

"ಕುಂದರ್ರಿ ಸರ್. ಶುರು ಆತು. ಈ ಕಡಿಯವರು ಆ ಕಡಿ ಹೋದ್ರ ನನಗ ತ್ರಾಸ ಆಗ್ತದ."

"ನಾನು ಆ ಕಡಿಯವನಪ್ಪಾ."

ಅವನು ನನ್ನ ಕೊರಳಿನ ಟವೆಲ್ಲು ನೋಡಿದ. "ಆಮ್ಯಾಲ ಹೋಗೀರಂತ, ಕುಂದರ್ರಿ."

ಆಗ ಅಮರೇಶ ಕಾಣಿಸಿದ. ಬಲಗಡೆಯ ಮೂರನೆಯ ಸಾಲಿನಲ್ಲಿ ಕುಳಿತು ಬಾಗಿಲ ಕಡೆಗೇ ನೋಡುತ್ತಿದ್ದ, ನನ್ನನ್ನು ಹುಡುಕುತ್ತಿದ್ದ. ನಾನು ಕೈ ಎತ್ತಿದೆ. ಅವನು ತಿರುಗಿದ. ನನ್ನನ್ನು ನೋಡಿದ, ಕೊರಳನ್ನು ನೋಡಿದ, ನಾನು ನಿಂತ ಕಡೆಯನ್ನು ನೋಡಿದ. ಅವನ ಮುಖ ಬದಲಾದದ್ದು ನಾನು ನಿಂತಲ್ಲಿಗೇ ತಿಳಿಯಿತು. ನಾನು ಟವೆಲ್ಲು ಕಿತ್ತು ಕೈಯಲ್ಲಿ ಹಿಡಿದು, ತಪ್ಪಾಗಿದೆ ಎಂದು ಸನ್ನೆ ಮಾಡಿದೆ. ದೂರದಿಂದ ಅದು ಟವೆಲ್ಲು ಬೀಸಿ ಹುರುಪು ತೋರಿಸಿದಂತೆ ಕಂಡಿರಬೇಕು. ನನ್ನ ಹಿಂದಿದ್ದವರು ಅದನ್ನು ನೋಡಿ ತಾವೂ ಟವೆಲ್ಲು ಬೀಸಿದರು.

ಅಷ್ಟರಲ್ಲಿ ಮೈಕಿನಲ್ಲಿ ಮಾತಾಡುವವರ ಹೆಸರು ಓದತೊಡಗಿದರು. "ಯೋಜನೆಯ ಪರವಾಗಿ" ಎಂದು ಓದಿದವುಗಳಲ್ಲಿ ನನ್ನದೇ ಮೊದಲ ಹೆಸರು. "ನಿವೃತ್ತ ದೈಹಿಕ ಶಿಕ್ಷಕರು, ಮೂಲತಃ ಕುರ್ಡಿ ಗ್ರಾಮದವರು" ಎಂದೂ ಸೇರಿಸಿದರು.

ಬಲಗಡೆ ಗದ್ದಲವೆದ್ದಿತು. ಯಾರೋ ಕೂಗಿದರು: "ಅಮರೇಶಾ, ನಿಮ್ಮಣ್ಣನೂ ಆ ಕಡಿ ಹೋದನಲ್ಲೋ." ಅಮರೇಶ ಎದ್ದು ನಿಂತ. ಹೆಗಲ ಮೇಲಿನ ಟವೆಲ್ಲು ಕೊಡವಿ ಹೊರಗೆ ನಡೆದ. ಕುರ್ಡಿಯವರೆಲ್ಲ ಅವನ ಹಿಂದೆ ಹೋದರು. ಸಭೆಯೇ ಬೇಡ ಎಂಬ ಘೋಷಣೆ ಹೊರಗಿನಿಂದ ಕೇಳಿಸಿ, ಆಮೇಲೆ ಟ್ರ್ಯಾಕ್ಟರ್ ಶುರುವಾದ ಸದ್ದು ಕೇಳಿಸಿತು. ನಾನು ಯಾರ ಪರವಾಗಿ ಮಾತಾಡಲು ಬಂದಿದ್ದೆನೋ ಅವರು ಒಬ್ಬರೂ ಪೆಂಡಾಲಿನಲ್ಲಿ ಉಳಿಯಲಿಲ್ಲ.

ನನ್ನನ್ನು ವೇದಿಕೆಗೆ ಕರೆದರು. ಸಾವಿರ ಮಕ್ಕಳ ಮುಂದೆ ನಿಂತು ಆಜ್ಞೆ ಕೊಟ್ಟವನಿಗೆ ಮನೆಯಲ್ಲಿ ತಯಾರಿಸಿಕೊಂಡಿದ್ದ ಭಾಷಣ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಇದ್ದದ್ದನ್ನು ಹೇಳಿದೆ.

"ನಾನು ತಪ್ಪಿ ಬ್ಯಾರೆ ಟ್ರ್ಯಾಕ್ಟರ್ ಹತ್ತಿ ಬಂದೀನ್ರಿ. ಈ ಕಡಿಯವರು ನನ್ನನ್ನ ತಮ್ಮ ಕಡಿಯವ ಅಂತ ತಿಳದು ರೊಟ್ಟಿ ಕೊಟ್ಟು ಕರಕೊಂಡು ಬಂದ್ರು. ನಾನು ಈ ಫ್ಯಾಕ್ಟರಿ ಬ್ಯಾಡ ಅನ್ನಾಕ ಬಂದವ."

ಮೊದಲು ನಗು ಬಂತು. ವೇದಿಕೆಯ ಮೇಲಿದ್ದ ಅಧಿಕಾರಿಯೂ ನಕ್ಕರು. ಕೊನೆಯ ಮಾತು ತಿಳಿದ ಮೇಲೆ ನಗು ನಿಂತಿತು. "ಇಳಸ್ರಿ ಅವನ್ನ", "ಮೈಕ್ ಬಂದ್ ಮಾಡ್ರಿ" ಎಂದು ಹಿಂದಿನಿಂದ ಕೂಗಿದರು. ಖಾಲಿ ನೀರಿನ ಬಾಟಲಿಯೊಂದು ನನ್ನ ಕಾಲ ಹತ್ತಿರ ಬಿತ್ತು. ವೀರೇಶ ಬಂದು ಮೈಕಿಗೆ ಕೈ ಹಾಕಿದ. "ಸರ್, ಇದು ನಮ್ಮ ಹೆಸರಿನ ಟೈಮ್. ನೀವು ಇಳೀರಿ."

ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಇಳಿಯಬೇಕೆಂದೇ ಕಾಲು ತೆಗೆದೆ. ಆಗ ಎಡಗಡೆಯ ಸಾಲಿನಿಂದ ಹುಲಿಗೆಮ್ಮ ಎದ್ದಳು. ಆಕೆಗೆ ಮೈಕು ಬೇಕಿರಲಿಲ್ಲ.

"ಏ ವೀರೇಶ, ಕೈ ತಗಿ. ಮಾತಾಡ್ಲಿ."

"ಯವ್ವಾ, ಅವರು ನಮ್ಮ ವಿರುದ್ಧ ಮಾತಾಡಾಕತ್ತಾರ."

"ನನಗೂ ಕಿವಿ ಅದಾವು. ವಿರುದ್ಧನ ಮಾತಾಡ್ಲಿ. ನಮ್ಮ ಗಾಡ್ಯಾಗ ಬಂದಾರ, ನಮ್ಮ ಬುತ್ತಿ ಉಂಡಾರ. ನಮ್ಮ ಸಂಗಟ ಬಂದ ಮನಷ್ಯಾನ ಬಾಯಿ ಮುಚ್ಚಿಸಿ ಮನಿಗೆ ಕಳಸಿದ್ರ ನಾಳೆ ನನ್ನ ರೊಟ್ಟಿ ಯಾರು ಮುಟ್ತಾರ?"

ಕೂಗುತ್ತಿದ್ದವರಲ್ಲಿ ಕೆಲವರು ನಕ್ಕರು, ಕೆಲವರು ಗೊಣಗಿದರು, ಆದರೆ ಕುಳಿತರು. ಅಧಿಕಾರಿ, "ಮಾತಾಡಿ ಮಾಸ್ತರೆ, ಯಾರು ಏನು ಹೇಳಿದರೂ ದಾಖಲಾಗುತ್ತದೆ" ಎಂದರು.

ನಾನು ಮಾತಾಡಿದೆ. ಹಳ್ಳದ ಬಗ್ಗೆ ಹೇಳಿದೆ, ಬಾವಿಯ ಬಗ್ಗೆ ಹೇಳಿದೆ. ಆ ಸಿಹಿ ನೀರು ಒಮ್ಮೆ ಕೆಟ್ಟರೆ ಯಾವ ಸಂಬಳದಿಂದಲೂ ಅದನ್ನು ಮರಳಿ ತರಲಾಗದು ಎಂದೆ. ರಾಯಚೂರಿನಿಂದ ಬರುವಾಗ ಅಷ್ಟೇ ಹೇಳುವ ಮನಸ್ಸಿತ್ತು. ಆದರೆ ಟ್ರಾಲಿಯಲ್ಲಿ ಕೇಳಿದ್ದನ್ನು ಕೇಳಿಲ್ಲವೆನ್ನಲು ಆಗಲಿಲ್ಲ. ಊರು ಬಿಟ್ಟು ದುಡಿಯಲು ಹೋಗುವವರ ಕಷ್ಟಕ್ಕೆ ಹಳ್ಳ ಉಳಿಸುತ್ತೇವೆ ಎನ್ನುವ ನಮ್ಮ ಬಳಿ ಉತ್ತರವಿಲ್ಲ, ಅದನ್ನೂ ಬರೆದುಕೊಳ್ಳಿ ಎಂದೆ. ಕೊನೆಗೆ ಕಾರ್ಖಾನೆಯವರನ್ನು ಕೇಳಿದೆ: "ಹೊಲಸು ನೀರು ಎಲ್ಲಿ ಹೋಗ್ತದ? ಹಳ್ಳಕ್ಕ ಒಂದು ಹನಿ ಬಿಡಂಗಿಲ್ಲ ಅಂತ ನೀವು ಬರದು ಕೊಡ್ತೀರೇನು? ಕೊಡದಿದ್ರ ನನ್ನ ಮಾತು ಬ್ಯಾಡ ಅಂತನ ಬರಕೊಳ್ರಿ."

ಚಪ್ಪಾಳೆ ಬೀಳಲಿಲ್ಲ. ಬಾಟಲಿಯೂ ಬೀಳಲಿಲ್ಲ. ನನ್ನ ನಂತರ ಹುಲಿಗೆಮ್ಮನ ಸರದಿ ಬಂತು. ಆಕೆ ಕಾರ್ಖಾನೆ ಬೇಕೇ ಬೇಕು ಎಂದಳು. ಮಗಳ ಕಥೆ ಹೇಳಿದಳು. ನನ್ನ ಮಾತಿಗಿಂತ ಅದು ಹೆಚ್ಚು ಜನರಿಗೆ ತಾಗಿತು, ನನಗೂ ತಾಗಿತು. ಇಳಿಯುವ ಮುನ್ನ ತಿರುಗಿ, "ಮಾಸ್ತರ್ರು ಕೇಳಿದ್ದಕ್ಕ ಜವಾಬು ಹೇಳ್ರಿ. ಆ ಹಳ್ಳದ ನೀರು ನಮ್ಮ ದೊಡ್ಡಿ ಎಮ್ಮಿನೂ ಕುಡೀತಾವ" ಎಂದಳು. ಕಾರ್ಖಾನೆಯವರು ನೀರನ್ನು ಶುದ್ಧ ಮಾಡಿ ತಾವೇ ಮತ್ತೆ ಬಳಸುತ್ತೇವೆ ಎಂದು ಏನೇನೋ ವಿವರಿಸಿದರು. ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಅದನ್ನೂ ಎದ್ದು ಹೇಳಿ ಕುಳಿತೆ.

ಸಭೆ ಮುಗಿದಾಗ ಸೂರ್ಯ ನೆತ್ತಿಯ ಮೇಲಿದ್ದ. ನಮ್ಮ ಕಡೆಯ ಚೈತ್ರದ ಬಿಸಿಲು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಅಮರೇಶನಿಗೆ ಫೋನ್ ಮಾಡಿದೆ. ಎರಡು ಸಲ ರಿಂಗಾಯಿತು, ತೆಗೆಯಲಿಲ್ಲ. ಮೂರನೆಯ ಸಲ ತೆಗೆದ.

"ಅಮರೇಶ, ನಾ ಹೇಳೋದು ಕೇಳು..."

"ಹೋಗ್ಲಿ ಬಿಡು ಅಣ್ಣಾ. ನೀನೂ ಹೋದಿ ಅಂದ ಮ್ಯಾಲ ನಾ ಯಾರಿಗೆ ಏನ್ ಅನ್ಲಿ."

ಇಟ್ಟುಬಿಟ್ಟ. ಆಮೇಲೆ ಫೋನ್ ಸ್ವಿಚ್ ಆಫ್ ಆಗಿತ್ತು. ಅವನು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ತಂದೆಯಿಲ್ಲದ ಮನೆಯಲ್ಲಿ ಅವನನ್ನು ನಾನೇ ಬೆಳೆಸಿದವನು. ನನ್ನ ಮಾತನ್ನು ಅವನು ಎಂದೂ ಅನುಮಾನಿಸಿರಲಿಲ್ಲ. ಇನ್ನು ನಾನು ಎದುರಿಗೆ ಹೋಗಿ, ಅಲ್ಲಿ ನಿನ್ನ ಪರವಾಗಿಯೇ ಮಾತಾಡಿದೆ ಎಂದರೆ ನಂಬಲು ಅವನ ಕಡೆಯ ಸಾಕ್ಷಿ ಒಬ್ಬರೂ ಇಲ್ಲ. ಆ ಕಡೆಗೆ ಹೋಗಿ ಕುಳಿತ ಇಬ್ಬರು ಹಿರಿಯರೂ ಮೊದಲು, ನಿನ್ನ ಪರವಾಗಿಯೇ ಇದ್ದೇವೆ ಎಂದೇ ಹೇಳಿದ್ದರಂತೆ.

ಪೆಂಡಾಲಿನ ಹೊರಗೆ ಹುಣಸೆ ಗಿಡದ ಕೆಳಗೆ ನಿಂತೆ. ಬಂದಿದ್ದ ಗಾಡಿಗಳು ಒಂದೊಂದೇ ಹೊರಟವು. ಕ್ರಾಸು ದೂರ, ಆ ದಾರಿಗೆ ಬಸ್ಸಿಲ್ಲ. ನಡೆದೇ ಹೋಗುವುದೆಂದು ತಲೆಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದೆ. ಖಾಜಾಸಾಬ ಟ್ರ್ಯಾಕ್ಟರಿನ ಮೇಲೆ ಕುಳಿತು ಕೂಗಿದ:

"ಕ್ಯಾ ಮಾಸ್ತರ್ ಸಾಬ್, ಪರೇಡ್ ಹೊಂಟೀರೇನು? ಹತ್ತ್ರಿ."

ವೀರೇಶ ಅಲ್ಲೇ ನಿಂತಿದ್ದ. ಅವನ ಮುಖ ಇನ್ನೂ ಬಿಗಿದಿತ್ತು. "ಖಾಜಾಭಾಯ್, ಅವರನ್ನ ಅವರ ಕಡಿಯವರು ಕರಕೊಂಡು ಹೋಗ್ಲಿ. ಡೀಸೆಲ್ ಹಾಕಿಸಿದ್ದು ನಾವು."

"ಡೀಸೆಲ್ ನಿಮ್ದು. ಟ್ರ್ಯಾಕ್ಟರ್ ನಂದು." ಖಾಜಾಸಾಬ ಬೀಡಿ ಆರಿಸಿದ. "ನೋಡಪ್ಪಾ, ನಮ್ಮ ಅಬ್ಬಾ ಸಂತಿಗೆ ಬಂಡಿ ಹೊಡೀತಿದ್ದ. ಮುಂಜಾನಿ ಯಾರು ಯಾರು ಬಂಡಿ ಹತ್ತಿದ್ರು, ಅವರೆಲ್ಲಾ ಬಂದು ಕುಂತ ಮ್ಯಾಲನ ಸಂಜಿಗೆ ಎತ್ತು ಹೂಡತಿದ್ದ. ಒಬ್ರು ಕಮ್ಮಿ ಆದ್ರ ಹುಡುಕ್ಯಾಡಿ ಕರಕೊಂಡು ಬರತಿದ್ದ. ಹಾದ್ಯಾಗ ಜಗಳ ಆಡಿದವರನ್ನೂ ಬಿಟ್ಟು ಬರತಿದ್ದಿಲ್ಲ. ಈಗ ಎತ್ತು ಹೋಗಿ ಇಂಜಿನ್ ಬಂತಂತ ನಾ ಬಿಟ್ಟು ಹೋಗ್ಲೇನು?"

ಟ್ರಾಲಿಯಲ್ಲಿದ್ದವರೆಲ್ಲ ಕಾಯುತ್ತಿದ್ದರು. ಎಲ್ಲರ ಮುಖದಲ್ಲೂ ಪ್ರೀತಿಯಿತ್ತೆಂದು ನಾನು ಹೇಳಲಾರೆ. ಆದರೆ ಯಾರೂ ಹೊರಡು ಎನ್ನಲಿಲ್ಲ. ಇದು ಅವರ ಕಡೆಯ ರೂಢಿ, ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಿಸಿರಲಿಲ್ಲ. ನಾನು ಹತ್ತಿದೆ. ಹುಲಿಗೆಮ್ಮ ಸರಿದು ಜಾಗ ಮಾಡಿಕೊಟ್ಟಳು.

"ಮೊದಲ ಹೇಳಬೇಕಿಲ್ರಿ ಯಪ್ಪಾ, ಜಗಳಾಡಾಕ ಹೊಂಟೀನಿ ಅಂತ. ಇನ್ನೊಂದು ರೊಟ್ಟಿ ಕೊಡತಿದ್ದೆ. ಒಂದು ರೊಟ್ಟ್ಯಾಗ ಜಗಳಾ ಆಡಾಕ ಆಗ್ತದೇನು?"

ಐ.ಟಿ.ಐ. ಓದಿದ ತರುಣ ಮಾತ್ರ ಬಿಡಲಿಲ್ಲ. "ಮಾಸ್ತರ್ರಿಗೇನು, ತಿಂಗಳಾದ್ರ ಪೆನ್ಶನ್ ಬರ್ತದ. ನಾವು ಹಳ್ಳದ ನೀರು ಕುಡಕೊಂಡು ಇರಬೇಕು."

"ನೀ ಹೇಳೋದು ಖರೆ" ಎಂದೆ. ಅವನು ಇನ್ನೊಂದು ಮಾತಿಗೆ ಸಿದ್ಧನಾಗಿದ್ದವನು ತನ್ನ ಬಾಟಲಿಯ ನೀರು ನನ್ನ ಕಡೆಗೆ ಚಾಚಿದ.

ಹಾದಿಯಲ್ಲಿ ಹುಲಿಗೆಮ್ಮ ನನ್ನ ಮುಖ ನೋಡುತ್ತಲೇ ಇದ್ದಳು. "ಯಾಕ್ರಿ, ಮಾತಾಡಿದ್ದು ಆತಲ್ಲ, ಇನ್ನೂ ಮಾರಿ ಸಣ್ಣದ ಅದ" ಎಂದು ಕೇಳಿದಳು. ತಮ್ಮನ ವಿಷಯ ಹೇಳಿದೆ. ಹೆಸರು ಓದಿದಾಗ ಎದ್ದು ಹೋದವನು ಅವನೇ ಎಂದೆ. ಆಕೆ ಮುಂದಕ್ಕೆ ಬಗ್ಗಿ ಕೂಗಿದಳು:

"ಖಾಜಾ, ಕ್ರಾಸಿಗೆ ಬ್ಯಾಡ. ಕುರ್ಡಿಗೆ ಹೊಡಿ."

"ಯವ್ವಾ, ಅದು ಅವರ ಊರು. ನಮ್ಮನ್ನ ನೋಡಿದ್ರ ಕಲ್ಲು ಒಗೀತಾರ" ಎಂದ ತರುಣ.

"ಒಗೀಲಿ. ಅಣ್ಣ ತಮ್ಮನ್ನ ನಾವು ಬ್ಯಾರೆ ಮಾಡಿದ್ವಿ ಅಂತ ನನ್ನ ತಲಿಮ್ಯಾಲ ಬರಬಾರದು. ಮೊದಲ ನನಗ ಬಸುರಿ ಮಗಳು ಅದಾಳ, ಆ ಶಾಪ ಬ್ಯಾಡ."

ಬೇಡವೆಂದು ನಾನು ಹೇಳಿದೆ. ನನ್ನ ಮಾತು ಯಾರೂ ಕೇಳಲಿಲ್ಲ. ಟ್ರ್ಯಾಕ್ಟರ್ ಕ್ರಾಸಿನಲ್ಲಿ ನಿಲ್ಲದೆ ಊರ ಕಡೆಗೆ ತಿರುಗಿತು.

ಅಮರೇಶನ ಮನೆಯ ಮುಂದೆ ಕಟ್ಟೆಯ ಮೇಲೆ ಕುರ್ಡಿಯ ಹತ್ತಾರು ಜನ ಕುಳಿತಿದ್ದರು. ಅಂಚಿಗೆ ಅಕ್ಷರವಿದ್ದ ಹಸಿರು ಟವೆಲ್ಲುಗಳ ಟ್ರಾಲಿಯೊಂದು ಮನೆ ಬಾಗಿಲಿಗೇ ಬಂದದ್ದನ್ನು ಕಂಡು ಎಲ್ಲರೂ ಎದ್ದರು. ಒಬ್ಬ ಬಾರುಕೋಲು ತೆಗೆದುಕೊಂಡದ್ದನ್ನೂ ನೋಡಿದೆ. ಅಮರೇಶ ಬಾಗಿಲಲ್ಲಿ ನಿಂತ. ನನ್ನನ್ನು ನೋಡಿ ಮುಖ ತಿರುಗಿಸಿದ.

ಹುಲಿಗೆಮ್ಮ ಟ್ರಾಲಿಯಿಂದ ಇಳಿಯಲಿಲ್ಲ, ಎದ್ದು ನಿಂತಳು.

"ಅಮರೇಶಪ್ಪ ಅನ್ನೋರು ಯಾರ್ರಿ?"

"ನಾನ. ಏನೀಗ?"

"ನಿಮ್ಮಣ್ಣನ್ನ ಬಿಡಾಕ ಬಂದೀವಿ. ಅವರು ನಮ್ಮವರಲ್ರಿ, ನಿಮ್ಮವರ. ಗೊತ್ತಿಲ್ಲದ ನಮ್ಮ ಗಾಡಿ ಹತ್ಯಾರ. ಮೈಕ್ ಹಿಡದು ನಮ್ಮ ವಿರುದ್ಧ ಚಲೋತ್ನಂಗ ಮಾತಾಡ್ಯಾರ. ನಿಮ್ಮ ಬಾವಿದು ಹೇಳಿದ್ರು, ಹಳ್ಳದ್ದು ಹೇಳಿದ್ರು, ನೀರು ಬಿಡಂಗಿಲ್ಲ ಅಂತ ಬರದು ಕೊಡ್ರಿ ಅಂತ ಕೇಳಿದ್ರು. ನಮಗ ಸಿಟ್ಟ ಬರೂವಂಗ ಮಾತಾಡ್ಯಾರ. ಬಾಟ್ಲಿ ಒಗದ್ರು, ಆದ್ರೂ ಮಾತಾಡಿದ್ರು. ನೀವು ಎದ್ದು ಬರದ ಕುಂತಿದ್ರ ನಿಮ್ಮ ಕಿವ್ಯಾಗನ ಬೀಳತಿತ್ತು."

ಅಮರೇಶ ನನ್ನನ್ನು ನೋಡಿದ, ಆಕೆಯನ್ನು ನೋಡಿದ.

ಖಾಜಾಸಾಬ ಹೇಳಿದ: "ಖರೆ ಅದ ಭಾಯ್. ನಿಮ್ಮ ಅಣ್ಣನ ಮಾತು ಕೇಳಿ ನನ್ನ ತಮ್ಮನ ಪಂಕ್ಚರ್ ಅಂಗಡಿ ಮುಚ್ಚೇ ಹೋತು ಅನಸ್ತು."

ಐ.ಟಿ.ಐ. ತರುಣನೂ ಮುಖ ಗಂಟಿಕ್ಕಿಕೊಂಡೇ ಅಂದ: "ಹೌದ್ರಿ. ನಮಗ ಹಾಳ ಮಾಡಿದ್ರು."

ಕಟ್ಟೆಯ ಮೇಲಿನ ಯಾರೋ ನಕ್ಕರು. ಬಾರುಕೋಲು ಹಿಡಿದವನು ಅದನ್ನು ಗೋಡೆಗೆ ಆನಿಸಿದ. ಅಮರೇಶ ಟ್ರಾಲಿಯ ಹತ್ತಿರ ಬಂದು ನನಗೆ ಕೈ ಕೊಟ್ಟ. ಇಳಿದ ಮೇಲೂ ಕೈ ಬಿಡಲಿಲ್ಲ. ಹಾಗೇ ಟ್ರಾಲಿಯ ಕಡೆಗೆ ತಿರುಗಿ, "ಇಳೀರಿ ಎಲ್ಲಾರೂ. ಚಹಾ ಕುಡದು ಹೋಗ್ರಿ" ಎಂದ.

ಅವರು ಇಳಿದರು. ನನ್ನ ತಮ್ಮನ ಹೆಂಡತಿ ದೊಡ್ಡ ಪಾತ್ರೆಯಲ್ಲಿ ಚಹಾ ಇಟ್ಟಳು. ಸಾಲದೆಂದು ಪಕ್ಕದ ಮನೆಯಿಂದ ಹಾಲು ತಂದರು, ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಮಾಡಿದರು. ಅದೇ ಬಾವಿಯ ನೀರನ್ನು ಕುಡಿಯಲು ಕೊಟ್ಟರು. ಕುಳಿತವರು ಸುಮ್ಮನಿರಲಿಲ್ಲ. ಕಾರ್ಖಾನೆ ಬೇಕು ಎನ್ನುವವರೂ ಬೇಡ ಎನ್ನುವವರೂ ಬಿಸಿಲು ಇಳಿಯುವವರೆಗೆ ವಾದಿಸಿದರು. ಅಮರೇಶ ಹುಲಿಗೆಮ್ಮನಿಗೆ, "ನಿಮ್ಮ ಮಗಳಿಗೆ ಕೆಲಸ ಕೊಡ್ತಾರಂತ ಅವರು ಬರದು ಕೊಟ್ಟಾರೇನು?" ಎಂದು ಕೇಳಿದ. ಆಕೆ, "ನಿಮ್ಮ ಹಳ್ಳ ನನ್ನ ಮಗಳಿಗೆ ಕೆಲಸ ಕೊಡ್ತದಂತ ನೀವು ಬರದು ಕೊಡ್ತೀರೇನು?" ಎಂದು ತಿರುಗಿ ಕೇಳಿದಳು. ಒಬ್ಬರೂ ಮನಸ್ಸು ಬದಲಾಯಿಸಲಿಲ್ಲ. ಆದರೆ ಅಲ್ಲಿಯವರೆಗೆ ಆ ಎರಡು ಗುಂಪುಗಳು ಒಂದೇ ಕಡೆ ಕುಳಿತು ಮಾತಾಡಿರಲೇ ಇಲ್ಲವೆಂದು ಆಮೇಲೆ ಅಮರೇಶ ಹೇಳಿದ.

ಕಾರ್ಖಾನೆಯ ತೀರ್ಮಾನ ನಾನು ಇದನ್ನು ಬರೆಯುವ ಹೊತ್ತಿಗೂ ಆಗಿಲ್ಲ. ಆಗುವುದೋ ಬಿಡುವುದೋ ನನಗೆ ಗೊತ್ತಿಲ್ಲ. ಹುಲಿಗೆಮ್ಮನ ಮಗಳು ಹೆರಿಗೆಗೆ ಊರಿಗೆ ಬಂದಳು. ಹೆಣ್ಣು ಕೂಸು, ಚೆನ್ನಾಗಿದೆ. ನಾನೂ ಅಮರೇಶನೂ ಹೋಗಿ ನೋಡಿ ಬಂದೆವು. ಬಾಣಂತನ ಮುಗಿದ ಮೇಲೆ ಆ ಹುಡುಗಿ ಮತ್ತೆ ಬೆಂಗಳೂರಿಗೆ ಹೋಗಬೇಕಾಗಬಹುದು. ಅದನ್ನು ನೆನೆದಾಗ ನನ್ನ ಬೇಡ ಎಂಬ ಮಾತು ಮೊದಲಿನಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಆದರೂ ಬೇಡ ಎಂದೇ ಹೇಳುತ್ತೇನೆ. ಹುಲಿಗೆಮ್ಮ ಬೇಕು ಎಂದೇ ಹೇಳುತ್ತಾಳೆ.

ಆ ದಿನ ನಾನು ಆಡಿದ ಮಾತನ್ನು ಕೇಳಲು ನನ್ನವರು ಯಾರೂ ಉಳಿದಿರಲಿಲ್ಲ. ಅದು ಬೇಡವಾಗಿದ್ದವರೇ ಅದನ್ನು ಜೋಪಾನವಾಗಿ ಹೊತ್ತು ತಂದು, ಒಂದಕ್ಷರ ಕಡಿಮೆ ಮಾಡದೆ, ನನ್ನ ತಮ್ಮನ ಮನೆ ಮುಟ್ಟಿಸಿದರು. ಆ ಋಣ ನನ್ನ ಮೇಲಿದೆ.